ಹೆಚ್ಚಾಗಿ ಉಳಿದ ರಾಗಿ

ಕೋವಿಡ್ ಕಳೆದ ಮರುವರ್ಷ ನಾನು ಮಂಡ್ಯದಲ್ಲಿ ಸಹಕಾರ ಸಂಘಗಳ ಲೆಕ್ಕಪರಿಶೋಧಕಿಯಾಗಿದ್ದೆ. ಅಲ್ಲಿನ ಗುತ್ತಲು ಬಡಾವಣೆಯಲ್ಲಿ ಮನೆಗೆಲಸ, ಗಾರೆಕೆಲಸ, ಗಾರ್ಮೆಂಟ್ಸ್ ಎಂದು ದುಡಿಯುವ ಹೆಂಗಸರು ಷೇರು ಹಾಕಿ ಒಂದು ದಿನಸಿ ಅಂಗಡಿ ನಡೆಸುತ್ತಿದ್ದರು. ಕೊಳ್ಳುವವರೂ ಅವರೇ, ಮಾಲೀಕರೂ ಅವರೇ. ಅಂಗಡಿ ನೋಡಿಕೊಳ್ಳಲು ತಮ್ಮಲ್ಲೇ ಒಬ್ಬಳಾದ ಜಯಮ್ಮನನ್ನು ಸಂಬಳಕ್ಕೆ ಇಟ್ಟುಕೊಂಡಿದ್ದರು.

ದಾಸ್ತಾನು ಪರಿಶೀಲನೆ ಎಂದರೆ ಇರಬೇಕಾದ ಸಾಮಾನು ನಿಜಕ್ಕೂ ಇದೆಯೇ ಎಂದು ತೂಗಿ ನೋಡುವುದು. ಸಾಮಾನ್ಯವಾಗಿ ಕಡಿಮೆ ಬರುತ್ತದೆ. ತಪ್ಪನ್ನು ಇಲಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿ ಹೆಚ್ಚು ಬಂತು! ನನ್ನ ಸರ್ವಿಸ್‌ನಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ನಮ್ಮ ಇಲಾಖೆಯಲ್ಲಿ ಅದಕ್ಕೆ ಒಂದೇ ಅರ್ಥ: ತೂಕದಲ್ಲಿ ಮೋಸ. ಹಾಗೆಂದು ವರದಿ ಬರೆದರೆ ಜಯಮ್ಮನ ಕೆಲಸವೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು.

"ನನ್ ಮಕ್ಳಾಣೆಗೂ ಒಂದ್ ಕಾಳು ಕಮ್ಮಿ ತೂಗಿಲ್ಲ ಕಣ್ ಮೇಡಮ್," ಎಂದು ಆಕೆ ಅತ್ತೇಬಿಟ್ಟಳು.

ತಕ್ಕಡಿ ಪರೀಕ್ಷಿಸಿದೆ, ಸರಿಯಾಗಿಯೇ ಇತ್ತು. ಸೋಪು, ಎಣ್ಣೆ ಪ್ಯಾಕೆಟ್ಟುಗಳಲ್ಲೂ ವ್ಯತ್ಯಾಸವಿರಲಿಲ್ಲ. ಹೆಚ್ಚಾಗಿದ್ದುದು ಮೂಟೆ ಬಿಚ್ಚಿ ಮಾರುವ ರಾಗಿ, ಅಕ್ಕಿ, ಬೇಳೆ ಮಾತ್ರ. ಕುತೂಹಲ ತಡೆಯಲಾಗದೆ ಮರುದಿನ ಬೆಳಿಗ್ಗೆ ಮೂಟೆಗಳ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ.

ಮೊದಲು ಬಂದದ್ದು ಗಾರೆಕೆಲಸದ ಮಾದೇವಮ್ಮ. ಜಯಮ್ಮ ರಾಗಿ ತೂಗಿ ಆಕೆಯ ಚೀಲಕ್ಕೆ ಸುರಿದಳು. ಮಾದೇವಮ್ಮ ಚೀಲಕ್ಕೆ ಕೈಹಾಕಿ, ಒಂದು ಹಿಡಿ ರಾಗಿ ತೆಗೆದು ಮೂಟೆಗೆ ವಾಪಸ್ ಹಾಕಿದಳು. ಹಿಂದೆ ನಿಂತವಳೂ ಹಾಗೇ ಮಾಡಿದಳು. ಜಯಮ್ಮ ತಲೆ ಕೂಡ ಎತ್ತಲಿಲ್ಲ. ಅವಳಿಗೆ ಅದೊಂದು ಸಂಗತಿಯೇ ಆಗಿರಲಿಲ್ಲ.

ಬಾಗಿಲ ಬಳಿಯಿದ್ದ ಮಾದೇವಮ್ಮನನ್ನು ಯಾಕೆಂದು ಕೇಳಿದೆ.

"ಪೂರ್ತಿ ಬಾಚ್ಕಂಡ್ ಓಗ್ಬಾರ್ದು ಕಣವ್ವ. ಮನೇಲಿ ರಾಗಿ ತಗದ್ರೆ ಒಂದ್ ಇಡಿ ವಾಪಸ್ ಆಕಲ್ವಾ? ಅಂಗೇಯ."

ನಿಜ, ನಮ್ಮೂರು ಪೂರಿಗಾಲಿಯಲ್ಲಿ ನಮ್ಮಮ್ಮನೂ ಹಾಕುತ್ತಿದ್ದರು. "ಬೇರೆ ಅಂಗಡಿಯಲ್ಲೂ ಹಾಕ್ತೀರಾ?" ಎಂದೆ.

ತಲೆ ಕೆಟ್ಟವಳನ್ನು ನೋಡಿದಂತೆ ನನ್ನನ್ನು ನೋಡಿದಳು. "ಅಲ್ಯಾಕ್ ಆಕನ? ಅದೇನ್ ನಮ್ದಾ?"

ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ನನಗೂ ಹೋದ ಜೀವ ಬಂದಂತಾಯಿತು. ಹೆಚ್ಚುವರಿಗೆ ಕಾರಣವೆಂದು ವರದಿಯಲ್ಲಿ ನಾನು ಕಂಡದ್ದನ್ನೇ ಬರೆದೆ. ಮೇಲಧಿಕಾರಿ ಮತ್ತೆ ಮತ್ತೆ ಓದಿ, ಕೊನೆಗೆ ಸಹಿ ಹಾಕಿದರು.

ಸಹಕಾರ ಕಾಯ್ದೆಯನ್ನು ಪುಸ್ತಕದಲ್ಲಿ ಓದಿ ಪಾಸಾಗಿದ್ದೆ. ಅಂಗಡಿ ಯಾರದ್ದೆಂದು ತಿಳಿಯಲು ಮೂಟೆಯ ಪಕ್ಕ ಕೂರಬೇಕು ಎಂಬುದನ್ನು ಗುತ್ತಲಿನಲ್ಲಿ ಕಲಿತೆ.

ಆ ಬೆಳಿಗ್ಗೆ ಅಂಗಡಿಯಿಂದ ಹೊರಡುವ ಮುನ್ನ ನಾನೂ ಅಲ್ಲೇ ಅಕ್ಕಿ ಕೊಂಡಿದ್ದೆ. ಒಂದು ಹಿಡಿ ಮೂಟೆಗೆ ಹಾಕಹೋದಾಗ ಜಯಮ್ಮ ನನ್ನ ಕೈ ಹಿಡಿದಳು.

"ನೀವ್ ಆಕ್ಬ್ಯಾಡಿ ಮೇಡಮ್. ನೀವು ಗಿರಾಕಿ."