ಬುಡು ಅನ್ನಬಾರದ ಆಟ

ತಿಪಟೂರಿನ ಮೊದಲ ಬಸ್ಸು ಹೊನ್ನವಳ್ಳಿಗೆ ಬರುವ ಹೊತ್ತಿಗೆ ಜುಂಜಯ್ಯ ನೂರ ಮೂವತ್ತು ಕಾಯಿ ಸುಲಿದು ಮುಗಿಸಿದ್ದಾರೆ. ಕೊಬ್ಬರಿ ಅಟ್ಟದ ಕೆಳಗೆ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮುಂದೆ ನಿಂತಿದ್ದಾರೆ. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿಯನ್ನು ಎತ್ತಿ ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಕೊಬ್ಬರಿ ಲೊಡಲೊಡ ಎಂದರೆ ಸುಲಿಯಬಹುದು, ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಬೇರೆಯವರು ಒಂದು ಸಲ ಅಲ್ಲಾಡಿಸುವ ಕಾಯಿಯನ್ನು ಇವರು ಎರಡು ಸಲ ಅಲ್ಲಾಡಿಸುತ್ತಾರೆ. ಆಮೇಲೆ ಮೊನೆಗೆ ಕುಕ್ಕಿ, ಮೈಭಾರ ಹಾಕಿ, ಮೂರು ತಿರುವಿಗೆ ಸಿಪ್ಪೆ ಕಿತ್ತು ಬಿಸಾಡುತ್ತಾರೆ.

"ಎಡಗಿವಿ ಎಪ್ಪತ್ತೊಂದ್ರಾಗೆ ಹೋಯ್ತು. ಒಂದು ಕಿವಿಯೋನು ಎಲ್ಡು ಸಲ ಕೇಳ್ಬೇಕು ಕಣ್ರೀ," ಎನ್ನುತ್ತಾರೆ.

ಕಿವಿಯ ಜೊತೆಗೆ ಬಲಮಂಡಿಯೂ ಹೋಗಿದೆ. ಅದರೊಳಗೆ ಶೆಲ್ಲಿನ ಚೂರು ಇನ್ನೂ ಇದೆ, ಕಾಲು ಮಡಚುವುದಿಲ್ಲ. ನಲವತ್ತಮೂರು ವರ್ಷದ ಈ ಮಾಜಿ ಸಿಪಾಯಿಗೆ ಕೂತು ಮಾಡುವ ಕೆಲಸ ಆಗದು. ದಿನಕ್ಕೆ ಸಾವಿರದ ಇನ್ನೂರು ಕಾಯಿ, ತಿಪಟೂರು ಸಂತೆಯ ಹಿಂದಿನ ದಿನ ಸಾವಿರದ ಐನೂರು, ಎಲ್ಲವೂ ನಿಂತೇ. ಸಂಜೆಗೆ ಸೊಂಟ ತನ್ನದೋ ಇನ್ನೊಬ್ಬರದೋ ಗೊತ್ತಾಗುವುದಿಲ್ಲವಂತೆ. ಪಕ್ಕದ ಗೋಡೆಯಲ್ಲಿ ಏಳು ಹೊಸ ಮೊನೆಗಳು ತೂಗಾಡುತ್ತಿವೆ, ಒಂದಕ್ಕೂ ಮಣ್ಣು ತಾಗಿಲ್ಲ. ಸುಲಿಯಲು ಒಂದೇ ಸಾಕಲ್ಲ, ಏಳು ಯಾಕೆ ಎಂದು ಕೇಳಿದರೆ ಜುಂಜಯ್ಯ ಇನ್ನೊಂದು ಕಾಯಿ ಎತ್ತಿಕೊಳ್ಳುತ್ತಾರೆ.

ಅಟ್ಟ, ತೋಟ ಎರಡರ ಯಜಮಾನಿ ಸುವರ್ಣಮ್ಮ. ಗಂಡ ಶಂಭುಲಿಂಗಯ್ಯ ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡ ಮೇಲೆ ಒಬ್ಬರೇ ನಿಭಾಯಿಸಿಕೊಂಡು ಬಂದಿದ್ದಾರೆ. ಜಗಲಿಯ ಮೇಲೆ ಕೂತು, ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುವುದು ಅವರ ಒಂದೇ ಚಟ. "ಜುಂಜಯ್ಯನ ಕಿವಿ ತಪ್ಪಲ್ಲ ಕಣ್ರೀ. ಹನ್ನೊಂದು ವರ್ಷದಾಗೆ ಒಂದು ಹಸಿ ಕೊಬ್ರಿ ಬಂದಿಲ್ಲ," ಎಂದು ಜಗಲಿಯಿಂದಲೇ ಹೇಳುತ್ತಾರೆ. ಆ ಮಾತು ಕೇಳಿ ಜುಂಜಯ್ಯ ತಲೆ ಎತ್ತುವುದಿಲ್ಲ.

ಊರಿಗೆ ಜುಂಜಯ್ಯ ಗೊತ್ತಿರುವುದು ಸುಲಿಯುವುದಕ್ಕಲ್ಲ, ಆಟಕ್ಕೆ. ಅಟ್ಟದ ಮೂಲೆಯಲ್ಲಿ ಎರಡು ಕುಕ್ಕೆಯ ಮೇಲೆ ಒಂದು ಹಳೆಯ ಬಾಗಿಲು ಮಲಗಿಸಿದೆ. ಅದೇ ಯುದ್ಧಭೂಮಿ. ಬೋರಲು ಹಾಕಿದ ಕರಟ ಗುಡ್ಡ, ಎಳೆಎಳೆಯಾಗಿ ನಿಲ್ಲಿಸಿದ ತೆಂಗಿನ ನಾರು ಕಬ್ಬಿನ ಗದ್ದೆ, ನಡುವೆ ಚಾಚಿದ ಹುರಿ ಒಣಕಾಲುವೆ. ಹೆಬ್ಬೆರಳಿನ ಗಿಣ್ಣಿನಷ್ಟು ಎತ್ತರದ ಇಪ್ಪತ್ತೆರಡು ಸಿಪಾಯಿಗಳನ್ನೂ ಅವರೇ ಕರಟದಲ್ಲಿ ಕೆತ್ತಿದ್ದಾರೆ. ಒಬ್ಬನಿಗೂ ಮುಖವಿಲ್ಲ.

ಮಕ್ಕಳಾಟ ಎನ್ನುವವರು ಊರಲ್ಲಿದ್ದಾರೆ. ಚೌಕಾಬಾರ ಆಡಿ ನಾಲ್ಕು ತಿಂಗಳು ಮಾತು ಬಿಟ್ಟವರೇ ಹಾಗೆ ಅನ್ನುವುದು! ಆಟದ ಕಟ್ಟಳೆ ಕೇಳಿದರೆ ಅವರಿಗೂ ಬೆವರು ಬಂದೀತು. ಬಯಲಲ್ಲಿ ಸಿಪಾಯಿ ಒಂದು ಗರಿಕಡ್ಡಿಯಷ್ಟು ದೂರ ನಡೆಯಬಹುದು, ಕಬ್ಬಿನೊಳಗೆ ಅರ್ಧ ಕಡ್ಡಿ, ಓಡಿದರೆ ಎರಡು. ನಡೆದವನು ಹೊಡೆಯುವಂತಿಲ್ಲ. ತನ್ನ ನಡೆಯನ್ನು ಬಿಟ್ಟುಕೊಟ್ಟು ನಿಂತವನ ಮುಂದೆ ಮಾತ್ರ ಒಂದು ಹುರುಳಿಕಾಳು ಇಡುತ್ತಾರೆ. ಎದುರಾಳಿ ತನ್ನ ಸರದಿಯಲ್ಲಿ ಸಿಪಾಯಿಯನ್ನು ಸರಿಸುತ್ತಿರುವಾಗ, ಅದು ನಿಂತವನ ಕಣ್ಣಿಗೆ ಬಿದ್ದರೆ, ಎದುರಾಳಿಯ ಬೆರಳು ಮೇಲೇಳುವ ಮುಂಚೆ "ಹೊಡಿ" ಎಂದು ಕೂಗಬೇಕು. ಬೆರಳು ಎದ್ದಿತೋ, ಅವಕಾಶ ಹೋಯಿತು. ಕೂಗಿದರೆ ಒಂದು ಬದಿ ಉಜ್ಜಿ ಬಿಳಿ ಮಾಡಿದ ನಾಲ್ಕು ಹುಣಸೆಬೀಜ ಎಸೆಯುತ್ತಾರೆ. ಬಯಲಲ್ಲಿ ನಡೆಯುವವನು ಸಾಯಲು ಎರಡು ಬಿಳಿ ಬಿದ್ದರೆ ಸಾಕು, ಮರೆಯಲ್ಲಿ ನಡೆಯುವವನು ಸಾಯಲು ಮೂರು ಬೇಕು. ಹೊಡೆದ ಮೇಲೆ ಕಾಳು ಹೋಗುತ್ತದೆ.

ಈ ಕಟ್ಟಳೆ ಅವರು ಪಲ್ಟನ್ನಿನಲ್ಲಿ ಕಲಿತದ್ದಲ್ಲ. ಬೋರನಕಣಿವೆಯ ಹತ್ತಿರದ ಗೊಲ್ಲರ ಹಟ್ಟಿಯಲ್ಲಿ ಹುಟ್ಟಿದ ಜುಂಜಯ್ಯ ಇಪ್ಪತ್ತು ತುಂಬುವವರೆಗೂ ಕುರಿಯ ಹಿಂದೆ ತಿರುಗಿದವರು. "ಕುರಿ ಹಳ್ಳ ದಾಟುವಾಗ ಒಬ್ಬ ಕವಣೆ ಹಿಡ್ಕಂಡು ನಿಂತ್ಕಬೇಕು, ಅವನು ಹೆಜ್ಜೆ ಎತ್ತಂಗಿಲ್ಲ. ನಡೆಯೋನ ಕಣ್ಣು ಕಾಲ್ ಮ್ಯಾಲೆ, ನಿಂತೋನ ಕಣ್ಣು ತೋಳದ ಮ್ಯಾಲೆ ಅಂತ ನಮ್ಮಪ್ಪ ಅನ್ನೋನು."

ಕಟ್ಟಳೆ ಇನ್ನೊಂದಿದೆ. ಆಟದ ನಡುವೆ "ಬುಡು" ಎಂಬ ಮಾತು ಬಾಯಿಂದ ಬಂದರೆ ಅಂದವನ ಕಾಳುಗಳೆಲ್ಲ ಹೋಗುತ್ತವೆ. ಹತ್ತು ವರ್ಷದಿಂದ ಎದುರು ಕೂತು ಆಡುವ ಶಾಲೆಯ ಮೇಷ್ಟ್ರು ತೋಂಟದಾರ್ಯ ಇದರಿಂದಲೇ ಹೆಚ್ಚು ಸೋತಿದ್ದಾರೆ. "ನಮ್ ಕಡೆ ಬುಡು ಅನ್ನದೆ ಒಂದ್ ಮಾತು ಮುಗಿಯುತ್ತೇನ್ರೀ? ಯಾಕಯ್ಯಾ ಅಂದ್ರೆ, ಇರ್ಲಿ ಮೇಷ್ಟ್ರೇ ಅಂತಾನೆ. ನನಗೂ ಕೇಳಿ ಸಾಕಾಗಿದೆ," ಎಂದು ನಗುತ್ತಾರೆ. ಜುಂಜಯ್ಯ ಆಟದ ಹೊರಗೂ ಆ ಮಾತು ಆಡುವುದಿಲ್ಲ.

ಎಂದೂ ಏನೂ ಕೇಳದ ಜುಂಜಯ್ಯ ಹೋದ ತಿಂಗಳು ಮೇಷ್ಟ್ರ ಕೈಯಲ್ಲಿ ಈ ಪತ್ರಿಕೆಗೆ ಒಂದು ಕಾರ್ಡು ಬರೆಸಿದರು. ಆಟದ ಬಗ್ಗೆ ಬರೆಯಿರಿ ಎಂದು. ಮೇಷ್ಟ್ರಿಗೆ ಖುಷಿಯಾಗಿದೆ. ಆದರೆ ಕಾರ್ಡು ಯಾಕೆ ಹೋಯಿತು ಎಂಬುದು ಮೇಷ್ಟ್ರು ಶಾಲೆಗೆ ಹೊರಟ ಮೇಲೆ, ಅಟ್ಟದಲ್ಲಿ ಆಟದ ಬಾಗಿಲಿನ ಮುಂದೆ ನಿಂತಾಗ ತಿಳಿಯುತ್ತದೆ.

ಶಾಲೆಯ ಮುಂದೆ ಕಲ್ಲೊಂದನ್ನು ನೆಡಲು ಊರು ಮನಸ್ಸು ಮಾಡಿದೆ. ಯುದ್ಧದಲ್ಲಿ ಸತ್ತ ಈ ಸೀಮೆಯವರ ಹೆಸರು ಅದರಲ್ಲಿ ಕೆತ್ತಿಸಬೇಕು. ಶಂಭುಲಿಂಗಯ್ಯನ ಹೆಸರು ಬಂದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಮುಂದೆ ನೋಡದೆ ತನ್ನ ಜನರನ್ನು ಕಾಲುವೆಗೆ ಇಳಿಸಿದ, ತಾನೂ ಸತ್ತು ಇನ್ನಿಬ್ಬರನ್ನೂ ಕೊಂದ ಎಂಬ ಮಾತು ಆಗ ರಜೆಗೆ ಬಂದ ಸಿಪಾಯಿಗಳ ಬಾಯಿಂದ ಬಂದದ್ದು ಊರಲ್ಲಿ ಇನ್ನೂ ಉಳಿದಿದೆ. ಹದಿಮೂರು ವರ್ಷ ಅದನ್ನು ನುಂಗಿಕೊಂಡಿದ್ದ ಸುವರ್ಣಮ್ಮ ಎದ್ದು ನಿಂತು, "ಅವ್ರ ಹೆಸ್ರು ಬ್ಯಾಡ, ಬುಡಿ," ಎಂದು ಮನೆಗೆ ಬಂದರು.

ಜುಂಜಯ್ಯ ನಾರಿನ ಗದ್ದೆಯನ್ನು ಸರಿಮಾಡುತ್ತಾರೆ. ಹುರಿಯ ಮೇಲೆ ಮೂವರನ್ನು ಇಡುತ್ತಾರೆ. ಹಿಂದೆ ಕರಟದ ಗುಡ್ಡದ ಮೇಲೆ ಒಬ್ಬ, ಅವನ ಮುಂದೆ ಒಂದು ಕಾಳು.

"ಇವ್ರು ಶಂಭುಲಿಂಗಯ್ನೋರು. ನಮ್ ಟೋಳಿಗೆ ನಾಯಕ್. ಇಬ್ರುನ್ನ ಕರ್ಕಂಡು ಕಾಲುವೆ ದಾಟ್ತಾವ್ರೆ. ಇದು ನಾನು. ಮೆಷಿನ್ ಗನ್ ನನ್ ತಾವ. ನಾನು ನಿಂತೋನು."

ಅಂದು ಬೆಳಿಗ್ಗೆ ಅದೇ ಕಬ್ಬು ಒಮ್ಮೆ ಅಲ್ಲಾಡಿತ್ತು. ಜುಂಜಯ್ಯ ಗುರಿ ಹಿಡಿದಾಗ ಶಂಭುಲಿಂಗಯ್ಯ ನಕ್ಕು, "ಬುಡ್ಲಾ, ಎಮ್ಮೆ ಕಣ್ಲಾ," ಅಂದಿದ್ದರು. ಎಮ್ಮೆಯೇ ಆಗಿತ್ತು. ಪಲ್ಟನ್ನಿನ ಹುಕುಮು ಎಲ್ಲ ಹಿಂದಿಯಲ್ಲಿ. ಆ ಟೋಳಿಯಲ್ಲಿ ಕನ್ನಡ ಇವರಿಬ್ಬರದೇ, ಒಬ್ಬರ ದನಿ ಕೇಳಿದರೆ ಇನ್ನೊಬ್ಬರಿಗೆ ಊರಿಗೆ ಹೋಗಿ ಬಂದಷ್ಟು ಸಮಾಧಾನ.

"ಕಾಲುವೆ ನಡೂಮಧ್ಯೆ ಹೋಗಿದ್ರು. ಕಬ್ಬು ಮತ್ತೆ ಅಲ್ಲಾಡ್ತು. ಬದುವಿನ ಮ್ಯಾಲೆ ಯಾರೋ ಎದ್ರು, ನಮ್ಮೋರೋ ಅವ್ರೋ ತಿಳೀಲಿಲ್ಲ. ಇವ್ರು ನೋಡ್ಬುಟ್ಟು ಕೂಗಿದ್ರು. 'ಬುಡೋ ಜುಂಜಾ, ಬುಡು!' ಅಂತ."

ಗುಂಡು ಬಿಡು ಎಂದೋ, ಹೋಗಲಿ ಬಿಡು ಎಂದೋ. ನಾಲಿಗೆ ಒಂದೇ, ಮಾತೂ ಒಂದೇ. ಜುಂಜಯ್ಯನ ಕಿವಿಯಲ್ಲಿ ಬೆಳಗಿನ ಎಮ್ಮೆ ಇತ್ತು. ಅವರು ಗನ್ನಿನ ಕುದುರೆಯ ಮೇಲಿಟ್ಟ ಬೆರಳನ್ನು ಸಡಿಲ ಮಾಡಿದರು.

"ನಾಕು ಎಣಿಸೋ ಅಷ್ಟು ಹೊತ್ತು. ಅಷ್ಟೇಯ. ಮೂರೂ ಜನ ಕಾಲುವೆಗೇ ಬಿದ್ರು."

ಆಮೇಲೆ ಜುಂಜಯ್ಯ ಹೊಡೆದರು. ಆಮೇಲೆ ಶೆಲ್ ಬಿತ್ತು. ಆಸ್ಪತ್ರೆಯ ಹಾಸಿಗೆಯ ಬಳಿ ಬಂದ ಅಧಿಕಾರಿ, ಮುಂದೆ ಹೋದವರು ಎಚ್ಚರಿಕೆ ಕೂಗಿದರೇ ಎಂದು ಕೇಳಿದಾಗ ಜುಂಜಯ್ಯ ಇಲ್ಲ ಎಂದರು. ಒಂದೇ ಪದ. ತಪ್ಪನ್ನು ಸತ್ತವನ ತಲೆಗೆ ಕಟ್ಟಲು ಅಷ್ಟು ಸಾಕಾಯಿತು.

"ಭಯ ಕಣ್ರೀ. ಇನ್ನೇನೂ ಅಲ್ಲ, ಭಯ."

ಎಪ್ಪತ್ತಮೂರರಲ್ಲಿ ನಿಜ ಹೇಳಿಬಿಡಬೇಕೆಂದು ಅವರು ಹೊನ್ನವಳ್ಳಿಗೆ ಬಂದರು. ಸುವರ್ಣಮ್ಮ ನೀರು ಕೊಟ್ಟು, ಅವರ ಜೊತೆಯಲ್ಲಿದ್ದವರಾ ನೀವು ಎಂದು ಕಣ್ಣೊರೆಸಿಕೊಂಡರು. ಸುಲಿಯುವ ಆಳು ಆ ವಾರ ಕೈಕೊಟ್ಟಿದ್ದ. ಹೇಳಲು ಬಂದವರು ಮೊನೆಯ ಮುಂದೆ ನಿಂತರು, ನಿಂತೇ ಇದ್ದಾರೆ.

ಆ ದಾಟುವಿಕೆಯನ್ನು ಒಬ್ಬರೇ ಈ ಬಾಗಿಲ ಮೇಲೆ ಎಷ್ಟು ಸಲ ಆಡಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ಬೆರಳು ಏಳುವ ಮುಂಚೆ "ಹೊಡಿ" ಎನ್ನುತ್ತಾರೆ. "ಹತ್ತರಾಗೆ ಆರೇಳು ಸಲ ಮೂವ್ರೂ ದಾಟ್ಕಂಡು ಬತ್ತಾರೆ. ಮಿಕ್ಕಿದ್ರಾಗೆ ನಾನು ಹೊಡೆದ್ರೂ ಸಾಯ್ತಾರೆ. ಸಾಯ್ತಾರೆ ಅಂತ ಮೊದ್ಲು ಕಂಡಾಗ ಜೀವ ತಣ್ಣಗಾಯ್ತು. ಆಮ್ಯಾಲೆ ನಾಚ್ಕೆ ಆಯ್ತು. ಬೀಜ ಹೆಂಗಾರ ಬೀಳ್ಲಿ, ಅವ್ರು ಕೂಗಿದ್ದು ಕೂಗಿದ್ದೇ ಅಲ್ವರಾ?"

ಹತ್ತು ಹೆಜ್ಜೆಯಾಚೆ ಜಗಲಿ. ನೀವೇ ಹೋಗಿ ಹೇಳಬಹುದಲ್ಲ ಎಂದರೆ ಜುಂಜಯ್ಯ ಗೋಡೆಯ ಮೊನೆಗಳ ಕಡೆ ಕೈ ತೋರಿಸುತ್ತಾರೆ.

"ಹೋಗಿವ್ನಿ. ಅಮ್ಮಾರು 'ಏನ್ ಜುಂಜಯ್ಯ' ಅಂತಾರೆ. ಬಾಯಿ ಕಟ್ಕಂತದೆ. 'ಮೊನೆ ಮೊಂಡಾಗೈತೆ ಅಮ್ಮಾರೇ' ಅಂದ್ಬುಟ್ಟು ಬತ್ತೀನಿ. ಮಾರ್ನೇ ದಿನ ಹೊಸಾದು ತರಿಸ್ತಾರೆ. ಏಳು ಸಲ ಹೋಗಿದ್ದೆ ನೋಡಿ."

ಇದು ಅಚ್ಚಾದರೆ ಊರು ಏನನ್ನುತ್ತದೆ, ಕೆಲಸ ಉಳಿಯುತ್ತದೆಯೇ, ಅದೆಲ್ಲ ಅವರಿಗೆ ಗೊತ್ತು. ಮಂಡಿ ಮಡಚದವನಿಗೆ ಬೇರೆ ಅಟ್ಟ ಸಿಗುವುದು ಕಷ್ಟ. ಕಲ್ಲು ಕೆತ್ತಲು ಇನ್ನು ಮೂರು ವಾರ ಇದೆ. ಅವರು ಕೆಳಗಿಳಿದು ಮತ್ತೆ ಮೊನೆಯ ಮುಂದೆ ನಿಂತು ಕಾಯಿ ಎತ್ತಿ ಕಿವಿಗೆ ಹಿಡಿಯುತ್ತಾರೆ.

"ಆಟದ್ದು ಎಷ್ಟಾರ ಬರ್ಕಳಿ. ಇದೊಂದು ಮಾತ್ರ ತಪ್ಪದಂಗೆ ಅಚ್ಚಾಗ್ಲಿ. ಶಂಭುಲಿಂಗಯ್ನೋರು ನೋಡಿದ್ರು, ಕೂಗಿದ್ರು. ತಪ್ಪು ಕೇಳಿಸ್ಕಂಡೋನು ನಾನು, ಸುಳ್ಳು ಹೇಳ್ದೋನೂ ನಾನು. ಭಾನ್ವಾರ ಅಮ್ಮಾರು ಜಗ್ಲಿ ಮ್ಯಾಲೆ ಕುಂತು ಓದ್ತಾರೆ. ನಾನು ಎಲ್ಲೂ ಹೋಗಾಕಿಲ್ಲ, ಇಲ್ಲೇ ನಿಂತಿರ್ತೀನಿ."