ಹೊಸಿಲಾಚೆಯ ಬೂಟು

ಅಬುಧಾಬಿಗೆ ಬಂದ ಮೂರನೆಯ ದಿನ, ಸಂಜೆ ಐದಕ್ಕೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ತಲೆಯ ಮೇಲಿನ ಚಾವಣಿ ಟಕಟಕ ಎನ್ನತೊಡಗಿತು. ಸುತ್ತಿಗೆಯ ಸದ್ದಲ್ಲ, ಅದಕ್ಕೊಂದು ತಾಳವಿತ್ತು. ಉಡುಪಿಯ ನಮ್ಮ ಬಾಡಿಗೆ ಮನೆಯ ಮೇಲೆ ಹೆಚ್ಚೆಂದರೆ ಬೆಕ್ಕು ಓಡುತ್ತಿತ್ತು. ಇಲ್ಲಿ, ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ನಮ್ಮ ತಲೆಯ ಮೇಲೆ ಇನ್ನೂ ಒಂಬತ್ತು ಮಹಡಿ.

ದಿನಾ ಸಂಜೆ ಐದಕ್ಕೆ ಅದೇ ಸದ್ದು. ಒಂದು ತಿಂಗಳು ಸಹಿಸಿದೆ. ಆಮೇಲೆ ನಾತೂರ್ ಹಮೀದನಿಗೆ ಹೇಳಿದೆ. ನಾತೂರ್ ಎಂದರೆ ಇಲ್ಲಿ ಕಟ್ಟಡ ಕಾಯುವವನು. ನೀರು, ಲಿಫ್ಟು, ಜಗಳ ಎಲ್ಲದಕ್ಕೂ ಅವನೇ. ಪುಣ್ಯಕ್ಕೆ ಕಾಸರಗೋಡಿನವನು, ಕನ್ನಡ ಬರುತ್ತಿತ್ತು.

"ಅದು ವಾಲ್ಟರ್ ಅಂತ ಅಕ್ಕ, ಅಮೆರಿಕದ ಕಪ್ಪು ಜನ. ಹೋಟೆಲಿನಲ್ಲಿ ಡ್ಯಾನ್ಸ್ ಕಲಿಸುದು. ಕೆಳಗಿನ ಫ್ಲ್ಯಾಟಿನವರದ್ದು ಒಂದು ಸೈನ್ ಇದ್ರೆ ಓನರ್ ಈ ತಿಂಗಳೇ ಖಾಲಿ ಮಾಡಿಸ್ತಾರೆ. ಖಲಾಸ್!"

ಅವನು ಚಾಚಿದ ದೂರಿನ ಕಾಗದಕ್ಕೆ ಸೈನ್ ಹಾಕಿಬಿಟ್ಟೆ.

ಮರುದಿನ ಬಾಗಿಲಲ್ಲಿ ವಾಲ್ಟರ್ ನಿಂತಿದ್ದರು. ಅರವತ್ತು ದಾಟಿದ ತೆಳ್ಳಗಿನ ಮನುಷ್ಯ, ಹೆಗಲಲ್ಲಿ ಚೀಲ, ಕೈಯಲ್ಲಿ ವೀಡಿಯೊ ಕ್ಯಾಸೆಟ್. "ಮೇಡಂ, ಹಮೀದ್ ಎಲ್ಲ ಹೇಳಿದ. ಇದನ್ನೊಮ್ಮೆ ನೋಡಿ. ಆಮೇಲೂ ಹೋಗು ಅಂದರೆ ಹೋಗುತ್ತೇನೆ" ಎಂದು ನನಗೆ ತಿಳಿಯುವಷ್ಟು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು.

ಹಳೆಯ ಕಪ್ಪು-ಬಿಳುಪು ಹಾಲಿವುಡ್ ಸಿನಿಮಾ. ಕೋಟು ತೊಟ್ಟ ಇಬ್ಬರು ಕಪ್ಪು ನರ್ತಕರು ಬೂಟುಗಾಲಿನಲ್ಲೇ ಮದ್ದಳೆ ನುಡಿಸಿದಂತೆ ಕುಣಿದರು. ಮೂರು ನಿಮಿಷ, ಅಷ್ಟೇ. ಮತ್ತೆ ಬಿಳಿಯ ನಾಯಕ, ನಾಯಕಿ. ಇವರ ಸುಳಿವೇ ಇಲ್ಲ.

"ಅವರು ಎಲ್ಲಿ ಹೋದರು ಅಂಕಲ್?" ಮಗಳು ಶ್ರುತಿ ಕೇಳಿದಳು.

"ಅವರ ಕೆಲಸ ಅಷ್ಟೇ ಮಗು. ಕಪ್ಪು ನರ್ತಕರನ್ನು ಕಥೆಗೆ ಅಂಟದ ಹಾಗೆ ಇಡುತ್ತಿದ್ದರು. ಅಮೆರಿಕದ ದಕ್ಷಿಣದ ಊರುಗಳ ಬಿಳಿಯರಿಗೆ ಹಿಡಿಸದಿದ್ದರೆ ಅಷ್ಟು ಭಾಗ ಕತ್ತರಿಸಿದರಾಯಿತು. ನನ್ನ ಗುರುವನ್ನೂ ಹಾಗೇ ಕತ್ತರಿಸಿದರು."

"ನೀವೂ ಕುಣಿಯಿರಿ" ಎಂದಳು ಶ್ರುತಿ. ವಾಲ್ಟರ್ ಚೀಲದಿಂದ ಬೂಟು ತೆಗೆದರು. ಅಡಿಯಲ್ಲಿ ಲೋಹದ ತಗಡು. ನನ್ನ ಬಾಯಿಂದ ತಾನಾಗಿ ಬಂತು: "ಬೂಟು ಹೊರಗೆ! ಇಲ್ಲಿ ದೇವರಿದ್ದಾರೆ."

ಅವರು ದೇವರ ಗೂಡಿನತ್ತ ನೋಡಿ, ಬೂಟನ್ನು ಹೊಸಿಲಾಚೆ ಇಟ್ಟು, ಕಾಲುಚೀಲದಲ್ಲೇ ಕುಣಿದರು. ಸದ್ದೇ ಇಲ್ಲ.

"ಅಮ್ಮಾ, ಹೀ ಈಸ್ ಆನ್ ಮ್ಯೂಟ್!"

ನನಗೆ ತಲೆಬುಡ ತಿಳಿಯದಾಯಿತು. ನಮ್ಮಲ್ಲಿ ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟುತ್ತಾರೆ. ಇವರ ಗೆಜ್ಜೆ ಇರುವುದೇ ಚರ್ಮದ ಬೂಟಿನ ಅಡಿಯಲ್ಲಿ. ಒಳಗೆ ಬಿಡುವುದೋ, ಬೇಡವೋ? ಕೊನೆಗೆ ಮಂಚದಡಿಯ ಪ್ಲೈವುಡ್ ಹಲಗೆಯನ್ನು ಕಾರಿಡಾರಿಗೆ ಎಳೆದು ಹಾಕಿದೆ. ವಾಲ್ಟರ್ ಬೂಟು ತೊಟ್ಟು ಅದರ ಮೇಲೆ ಕುಣಿದರು. ಒಂದೊಂದೇ ಬಾಗಿಲು ತೆರೆಯಿತು. ಹಮೀದನೂ ಓಡಿ ಬಂದ.

"ಎಂತ ಅಕ್ಕ, ಕಂಪ್ಲೇಂಟ್ ಕೊಟ್ಟದ್ದೂ ನೀವು, ಸ್ಟೇಜ್ ಹಾಕಿದ್ದೂ ನೀವಾ?"

"ಆ ಕಾಗದ ಹರಿದು ಹಾಕು ಮಾರಾಯ."

"ಅದು ಬೆಳಿಗ್ಗೆಯೇ ಓನರ್ ಆಫೀಸಿಗೆ ಹೋಯ್ತಲ್ಲ!"

ಗಂಡನ ಜೊತೆಯಿಲ್ಲದೆ ರಸ್ತೆ ದಾಟಿದವಳಲ್ಲ ನಾನು. ಮರುದಿನ ಒಬ್ಬಳೇ ಆ ಆಫೀಸಿಗೆ ಹೋದೆ. "ನಿನ್ನೆ ಸದ್ದಿತ್ತು, ಇವತ್ತಿಲ್ಲವೋ?" ಎಂದು ಗುಮಾಸ್ತ ಹಿಂದಿಯಲ್ಲಿ ಕೇಳಿ ನಕ್ಕ. "ಇದೆ. ಇರಲಿ" ಎಂದೆ. ಕಾಗದ ಕೈಗೆ ಬಂತು. ವಾಲ್ಟರ್ ಮೇಲೆಯೇ ಉಳಿದರು.

ಮೊದಲ ರಜೆಗೆ ಉಡುಪಿಗೆ, ತಂಗಿಯ ಮನೆಗೆ ಹೋದೆ. ಚೌತಿಗೆ ನಾನು ಮಾಡುತ್ತಿದ್ದ ಪಾಯಸವನ್ನು ಈಗ ಅವಳೇ ಮಾಡುತ್ತಾಳೆ. ನಾನಿಲ್ಲವೆಂದು ಯಾರಿಗೂ ಏನೂ ಕೊರತೆಯಾಗಿಲ್ಲ. ಅಬುಧಾಬಿಯಲ್ಲೂ ವೀಸಾ ಮುಗಿದರೆ ನಮ್ಮ ಬಾಗಿಲಿಗೆ ಇನ್ನೊಂದು ಸಂಸಾರ ಬರುತ್ತದೆ. ಎರಡು ಕಡೆಯೂ ನಾನು, ಆ ನರ್ತಕರ ಹಾಗೆ, ಕತ್ತರಿಸಿ ತೆಗೆಯಬಹುದಾದ ಮೂರು ನಿಮಿಷವೋ ಏನೋ, ಈಗಲೂ ತಿಳಿಯದು.

ಸಂಜೆ ಐದಾಯಿತು. ಕೈಯಲ್ಲಿ ಎಣ್ಣೆಯ ಗಿಂಡಿ ಹಿಡಿದು ಮೇಲೆ ನೋಡುತ್ತ ನಿಂತೆ.

"ಎಂತ ಅಕ್ಕ, ಹಲ್ಲಿ ಉಂಟಾ?" ತಂಗಿ ಕೇಳಿದಳು.

"ಇಲ್ಲ. ವಾಲ್ಟರ್ ಇನ್ನೂ ಶುರು ಮಾಡಲಿಲ್ಲ."