ಮೊಳದುದ್ದದ ದಾರ

ಇದನ್ನು ಹೇಳುವುದನ್ನು ಮುಂದೆ ಹಾಕುತ್ತಲೇ ಬಂದೆ. ಈಗ ಹಲ್ಲೆಲ್ಲ ಉದುರಿವೆ, ಮಾತು ತೊದಲುವ ಮೊದಲು ಹೇಳಿಬಿಡುತ್ತೇನೆ.

ಶಹಾಪುರದ ನಮ್ಮ ಓಣಿಯಲ್ಲಿ ಒಬ್ಬಳು ಟೇಲರ್ ಇದ್ದಳು. ತುಟಿಯಂಚಿನಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಇಂಗ್ಲಿಷ್ ಮಾತಾಡುತ್ತಿದ್ದಳು, ಸೂಜಿ ಅಲುಗುತ್ತಿರಲಿಲ್ಲ. ಆಕೆಯನ್ನು ಕಂಡರೆ ನನಗೆ ಮೈಯುರಿ.

ನಾನು ಮ್ಯಾಟ್ರಿಕ್ ಪಾಸಾದವನು, ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಜವಾನ. ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರೆ ತಲೆಯಾಡಿಸುವುದೊಂದೇ ಬರುತ್ತಿತ್ತು. ಆಕೆ ಓದಿದ್ದು ಐದನೇ ತರಗತಿ. ಆ ಸಾಹೇಬರ ಹೆಂಡತಿಯರು ಕುಪ್ಪಸ ಹೊಲಿಸಲು ಬರುತ್ತಿದ್ದರು. ಅಳತೆ ತೆಗೆಯುತ್ತ ಒಬ್ಬೊಬ್ಬರಿಂದ ಒಂದೊಂದು ಮಾತು ಕೇಳಿಕೊಂಡೇ ಕಲಿತಿದ್ದಳು.

ಆಕೆ ಹೋಟೆಲ್ ಮುಂದೆ ಹಾಯ್ದರೆ, "ಮೇಮ್‌ಸಾಬ್ ಬಂದಾಳ, ಸಲಾಮ್ ಹೊಡೀರಪಾ," ಎನ್ನುತ್ತಿದ್ದೆ. ಆಕೆ ನಿಂತು, "ವಾಲೇಕುಮ್ ಸಲಾಮ್ ಅಣ್ಣಾರ, ಚಾ ಆತೇನ್ರಿ?" ಎಂದು ಕೇಳಿ ಮುಂದೆ ಹೋಗುತ್ತಿದ್ದಳು. ಜನ ನಗುತ್ತಿದ್ದದ್ದು ನನ್ನನ್ನು ನೋಡಿ.

ನನ್ನ ಮಗಳು ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಫೇಲಾದಳು. ಮರುಪರೀಕ್ಷೆಯವರೆಗೆ ಹೊಲಿಗೆಯಾದರೂ ಕಲಿಯಲಿ ಎಂದು ಹೆಂಡತಿ ಅಲ್ಲಿಗೇ ಕಳಿಸಿದಳು. ಅಲ್ಲಿ ಎಂಟು ಹುಡುಗಿಯರಿದ್ದರು, ಆಕೆಯನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಆಕೆ ನೀಲಿ ಚಾಕಿನಿಂದ ದಿನಕ್ಕೊಂದೇ ಇಂಗ್ಲಿಷ್ ಮಾತು ಬರೆಯುವಳು. ಇವತ್ತು ಗುಂಡಿ ಹಚ್ಚಿದೆ, ತೋಳು ಗಿಡ್ಡವಾಯಿತು, ಇಂಥವು. ಸಂಜೆಯೊಳಗೆ ಅದನ್ನು ಯಾರದಾದರೂ ಮುಖ ನೋಡಿ ಆಡಬೇಕು. ಮರುದಿನ ಅದನ್ನು ಒರೆಸಿ ಇನ್ನೊಂದು. ಹುಡುಗಿಯರು ಹೆಚ್ಚು ಕೇಳಿದರೆ, "ದಾರ ಉದ್ದ ತಗೊಂಡ್ರ ಗಂಟು ಬೀಳ್ತದ. ಮೊಳ ಸಾಕು, ದಿನಾ ಹೊಲೀರಿ," ಎನ್ನುತ್ತಿದ್ದಳಂತೆ.

ಮಗಳು ಒಂದು ಸಂಜೆ ಊಟಕ್ಕೆ ಕೂತಾಗ ಅಂಥದೊಂದು ಮಾತನ್ನು ನನ್ನ ಮುಖ ನೋಡಿ ಆಡಿದಳು. ಸಾಹೇಬರ ಇಂಗ್ಲಿಷ್ ತಿಳಿಯದ ನನಗೂ ಆಕೆ ಕಲಿಸಿದ್ದು ಅರ್ಥವಾಯಿತು. ಅದಕ್ಕೇ ಸಿಟ್ಟು ಬಂತು. ಮರುದಿನವೇ ಹೊಲಿಗೆ ಬಿಡಿಸಿದೆ. ಯಾದಗಿರಿಯಿಂದ ದಪ್ಪ ಗೈಡ್ ತಂದು, ದಿನಕ್ಕೆ ಐವತ್ತು ಶಬ್ದ ಬಾಯಿಪಾಠ ಎಂದೆ. ಪರೀಕ್ಷೆಯ ಪೇಪರಿನಲ್ಲಿ ಆ ಟೇಲರಳ ಇಂಗ್ಲಿಷ್ ಬರೆದರೆ ಕೈ ಮುರಿಯುತ್ತೇನೆ ಎಂದೂ ಹೇಳಿದೆ. ಹುಡುಗಿ ನಿದ್ದೆಯಲ್ಲೂ ಬಡಬಡಿಸತೊಡಗಿದಳು.

ಪರೀಕ್ಷೆಗೆ ವಾರವಿದ್ದಾಗ ಆಕೆ ನಮ್ಮ ಮನೆಗೆ ಬಂದಳು. ಕೂಡು ಎನ್ನಲಿಲ್ಲ ನಾನು.

"ಹುಡುಗಿ ದಾರ ಗಂಟು ಬಿದ್ದದ ಅಣ್ಣಾರ. ದಾರ ಗಿಡ್ಡ ಮಾಡ್ರಿ."

"ಐದನೇತ್ತ ಓದಿದಾಕಿ ಮ್ಯಾಟ್ರಿಕ್ ಆದಾವಗ ಹೇಳಾಕ ಬಂದೀಯೇನು?"

ಆಕೆ ತುಟಿಯಿಂದ ಗುಂಡುಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು. "ಹೇಳಾಕ ಅಲ್ರಿ, ಬೇಡ್ಕೊಳ್ಳಾಕ ಬಂದೀನಿ."

ನಾನು ಬಾಗಿಲು ಹಾಕಿಕೊಂಡೆ.

ಮಗಳು ಮತ್ತೆ ಫೇಲಾದಳು. ಗೆಳತಿಗೆ ಪತ್ರ ಬರೆಯುವ ಪ್ರಶ್ನೆಗೆ ಹಾಳೆ ಖಾಲಿ ಬಿಟ್ಟು ಬಂದಿದ್ದಳು. ಯಾಕೆ ಎಂದು ಗದರಿಸಿದೆ. ಅವಳು ಅಳಲಿಲ್ಲ. "ದಿನಾ ಏನ್ ಮಾಡ್ತೀನಿ ಅಂತ ಬರಿಯೂದಿತ್ತಪ್ಪಾ. ಆಪಾ ಕಲಿಸಿದ್ದು ಎಲ್ಲಾ ನೆನಪಿತ್ತು. ನೀ ಬರಿಬ್ಯಾಡ ಅಂದಿದ್ದಿ," ಎಂದಳು. ಮತ್ತೆಂದೂ ಪರೀಕ್ಷೆಗೆ ಕೂಡಲಿಲ್ಲ.

ನನ್ನ ಪಾಪ ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಮಗಳ ಮಾತು ಕೇಳಿದ ಮೇಲೂ ನಾನು ಮನೆ ಮನೆಗೆ ಹೋಗಿ, ಹೊಲಿಗೆಯ ನೆಪದಲ್ಲಿ ಆ ಟೇಲರ್ ಹುಡುಗಿಯರ ಓದು ಕೆಡಿಸುತ್ತಾಳೆ, ನನ್ನ ಮಗಳನ್ನೇ ನೋಡಿರಿ ಎಂದು ಸಾರಿದೆ. ಸರಕಾರಿ ನೌಕರನ ಮಾತು, ಓಣಿ ನಂಬಿತು. ಹದಿನೈದು ದಿನದಲ್ಲಿ ಒಬ್ಬ ಹುಡುಗಿಯೂ ಉಳಿಯಲಿಲ್ಲ. ಆಕೆ ಮಶೀನನ್ನು ಟಂಟಂ ಗಾಡಿಗೆ ಹೇರಿಸಿ ಹುಣಸಗಿಯ ತಮ್ಮನ ಮನೆಗೆ ಹೊರಟಳು. "ಬರ್ತೀನ್ರಿ ಅಣ್ಣಾರ," ಎಂದಳು. ನಾನು ಪೇಪರ್ ಓದುವವನಂತೆ ಮುಖ ಮುಚ್ಚಿಕೊಂಡೆ.

ಮಗಳು ಈಗ ಸುರಪುರದಲ್ಲಿ ಸಂಸಾರ ಮಾಡುತ್ತಾಳೆ. ಅಡುಗೆಮನೆಯ ಬಾಗಿಲ ಮೇಲೆ ಮೊಮ್ಮಗಳಿಗಾಗಿ ದಿನಕ್ಕೊಂದು ಇಂಗ್ಲಿಷ್ ಮಾತು ಬರೆಯುತ್ತಾಳೆ, ನೀಲಿ ಚಾಕಿನಲ್ಲಿ. ಅಲ್ಲಿ ಹೋದಾಗ ನಾನು ಆ ಬಾಗಿಲಿಗೆ ಬೆನ್ನು ಮಾಡಿ ಕೂಡುತ್ತೇನೆ. ಎರಡು ಸಲ ಹುಣಸಗಿ ಬಸ್ಸು ಹತ್ತಿದೆ. ಎರಡು ಸಲವೂ ನಡುದಾರಿಯ ಸುರಪುರದಲ್ಲೇ ಇಳಿದುಬಿಟ್ಟೆ.

ಹೋದ ವರ್ಷ ಆಕೆ ತೀರಿಕೊಂಡ ಸುದ್ದಿ ಬಂತು. ಮಗಳು ಹೊರಟು ನಿಂತು, ಬರ್ತೀಯೇನಪ್ಪಾ ಎಂದು ಕೇಳಿದಳು. ಮೊಣಕಾಲು ನೋಯುತ್ತದೆ ಎಂದೆ. ಮೊಣಕಾಲು ನೋಯುತ್ತಿರಲಿಲ್ಲ.

ದಿನಕ್ಕೊಂದು ಮಾತು, ಮುಖ ನೋಡಿ ಆಡಬೇಕು. ನಾನು ಆಡಬೇಕಿದ್ದದ್ದೂ ಒಂದೇ ಮಾತು, ಅದೂ ಕನ್ನಡದ್ದು: ತಪ್ಪಾಯಿತು. ಇಷ್ಟು ವರ್ಷದಲ್ಲಿ ಬಾಯಿಗೆ ಬರಲಿಲ್ಲ. ಟೇಲರ್, ಮೇಮ್‌ಸಾಬ್, ಐದನೇತ್ತದಾಕಿ ಎಂದೆಲ್ಲ ಕರೆದೆ. ಅವರು ನನ್ನ ಮಗಳ ಟೀಚರ್.